ಊರ ಒಂಬತ್ತು ಗಂಟೆ

ಇದನ್ನು ಹೇಳಲು ನನಗಿಂತ ತಕ್ಕವರು ಥಾರ್ಸ್‌ಡೇಲ್‌ನಲ್ಲಿ ಹತ್ತು ಮಂದಿಯಾದರೂ ಇದ್ದಾರೆ. ಅವರು ಹೇಳುತ್ತಿಲ್ಲ, ಅದಕ್ಕೆ ನಾನು ಹೊರಟಿದ್ದೇನೆ. ಹೆಸ್ಟರ್ ಐವ್ಸನ್‌ಗೆ ಅನ್ಯಾಯವಾಗುವಂಥ ಮಾತು ಎಲ್ಲಾದರೂ ಬಂದಿದ್ದರೆ ತಪ್ಪು ನನ್ನದು, ಕ್ಷಮಿಸಬೇಕು. ಕೇಳಿದ್ದನ್ನೆಲ್ಲ ಇಬ್ಬಿಬ್ಬರಲ್ಲಿ ವಿಚಾರಿಸಿ ನೋಡಿದ್ದೇನೆ. ಆದರೂ ಅಳುಕು ಹೋಗಿಲ್ಲ.

ತೊಂಬತ್ತನಾಲ್ಕರ ಫೆಬ್ರವರಿಯ ಮೂರನೆಯ ಮಂಗಳವಾರ ಬೆಳಗಿನ ಐದೂವರೆಗೆ ಹೆಸ್ಟರಳ ಮನೆಯ ಫೋನು ಬಡಿದುಕೊಂಡಿತು. ಆಕೆ ಆಗಲೇ ಎದ್ದು, ಸ್ವೆಟರಿನ ಮೇಲೆ ಅಂಗಡಿಯ ಕಂದು ಕೋಟು ಹಾಕಿಕೊಂಡು ಕೂತಿದ್ದಳು. ಏನೇ ಆಗಲಿ, ಈ ದಿನ ಮಾತ್ರ ಊರು ಬಿಟ್ಟು ಕದಲುವುದಿಲ್ಲ ಎಂದು ಹಿಂದಿನ ದಿನವೇ ಗಟ್ಟಿ ಮಾಡಿಕೊಂಡಿದ್ದಳು. ಫೋನು ಡಾರ್ಲಿಂಗ್ಟನ್ನಿನ ಆಸ್ಪತ್ರೆಯದು. ಗಂಡ ಎಡ್ವಿನ್‌ಗೆ ಉಸಿರು ಕಟ್ಟುತ್ತಿದೆ, ಬರುವುದಾದರೆ ಈಗಲೇ ಬನ್ನಿ ಎಂದು ನರ್ಸು ಮೆತ್ತಗೆ ಹೇಳಿದಳು.

ಹೆಸ್ಟರ್ ಫೋನು ಕೆಳಗಿಟ್ಟು ಅಲ್ಲೇ ನಿಂತಳು. ಒಂದು ಕಡೆ ಗಂಡ, ಇನ್ನೊಂದು ಕಡೆ ಅಂಗಡಿ. ಹೀಗೆ ತಕ್ಕಡಿಯಲ್ಲಿಟ್ಟು ಯೋಚಿಸಿದ್ದಕ್ಕೆ ಆಕೆಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಯೋಚಿಸಿದಳು.

ಅಂಗಡಿಯ ಸಂಗತಿ ಹೀಗೆ. ಸಂತೆ ಚೌಕದ ಉತ್ತರಕ್ಕೆ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಎಂಟು ಕಲ್ಲಿನ ಅಂಗಡಿಗಳಿವೆ. ಅವಕ್ಕೆ ಹಾರ್ಕರ್ ಸಾಲು ಎಂದು ಹೆಸರು. ಸಾವಿರದ ಏಳುನೂರ ಹನ್ನೊಂದರಲ್ಲಿ ಅಬಿಗೇಲ್ ಹಾರ್ಕರ್ ಎಂಬ ವಿಧವೆ ಅವನ್ನು ಊರಿನ ಟ್ರಸ್ಟಿಗೆ ಬರೆದಿಟ್ಟು ಸತ್ತಳು. ಬಾಡಿಗೆ ಹೆಸರಿಗಷ್ಟೆ, ಹಿಡುವಳಿ ತಲೆಮಾರಿನಿಂದ ತಲೆಮಾರಿಗೆ. ಆದರೆ ಒಂದು ಕರಾರಿತ್ತು. ಮಂಗಳವಾರದ ಸಂತೆಯ ದಿನ ಚೌಕದ ಗಡಿಯಾರ ಒಂಬತ್ತು ಹೊಡೆದು ಮುಗಿಸುವ ಮೊದಲು ಹಿಡುವಳಿದಾರ ತನ್ನ ಕೈಯಾರೆ ಕಿಟಕಿಯ ಹಲಗೆಗಳನ್ನು ತೆಗೆದಿರಬೇಕು. ಬೇರೆಯವರು ತೆಗೆದರೆ ಲೆಕ್ಕವಿಲ್ಲ. ಮೂರು ಸಂತೆ ಒಂದರ ಹಿಂದೊಂದು ತಪ್ಪಿದರೆ ಅಂಗಡಿ ಟ್ರಸ್ಟಿಗೆ ವಾಪಸು. ಸೋಮಾರಿಗಳ ಕೈಗೆ ಸಾಲು ಹೋಗದಿರಲಿ ಎಂಬುದು ಆ ಹೆಂಗಸಿನ ಇಚ್ಛೆ ಇದ್ದಿರಬೇಕು. ಹಾಗೆ ಅಂಗಡಿ ಕಳೆದುಕೊಂಡವರು ಯಾರೂ ಇರಲಿಲ್ಲ. ಟ್ರಸ್ಟಿನ ವಕೀಲ ಓಲ್ಡ್‌ರಾಯ್ಡ್ ಪ್ರತಿ ಮಂಗಳವಾರ ಗಂಟೆ ಹೊಡೆಯುವಾಗ ಟೋಪಿ ಹಾಕಿಕೊಂಡು ಸಾಲಿನುದ್ದಕ್ಕೂ ನಡೆದು, ಕೊನೆಯಲ್ಲಿ ಬರ್ನಾರ್ಡ್ ಕೀರ್ಟನ್‌ನ ಹಂದಿಮಾಂಸದ ಅಂಗಡಿಯಲ್ಲಿ ಒಂದು ಬಿಸಿ ಪೈ ತಿಂದು ಹೋಗುತ್ತಿದ್ದರು. ಅದೊಂದು ಶಾಸ್ತ್ರವಾಗಿತ್ತು, ಅಷ್ಟೇ.

ಆ ಚಳಿಗಾಲದಲ್ಲಿ ಮಾತ್ರ ಅದು ಶಾಸ್ತ್ರವಾಗಿ ಉಳಿದಿರಲಿಲ್ಲ. ಊರೂರಿಗೆ ಮಳಿಗೆ ತೆರೆಯುವ ಒಂದು ದೊಡ್ಡ ಕಂಪನಿ ಸಾಲಿನ ಮೇಲೆ ಕಣ್ಣು ಹಾಕಿತ್ತು. ಟ್ರಸ್ಟಿನ ಹೊಸ ಅಧ್ಯಕ್ಷರು ಹಳೆಯ ಕರಾರುಪತ್ರವನ್ನು ತರಿಸಿಕೊಂಡು ಕನ್ನಡಕ ಹಾಕಿ ಓದುತ್ತಿದ್ದಾರೆ ಎಂಬ ಸುದ್ದಿ ಇತ್ತು. ಹೆಸ್ಟರಳದು ಸಾಲಿನ ನಾಲ್ಕನೆಯದು, ಅಜ್ಜನ ಕಾಲದ ಕಬ್ಬಿಣದ ಸಾಮಾನಿನ ಅಂಗಡಿ. ಒಂದೇ ಒಂದು ಮೊಳೆ ಬೇಕೆಂದರೂ ಅಲ್ಲಿ ಸಿಗುತ್ತಿತ್ತು. ಕುರಿಗೆ ಗುರುತು ಹಾಕುವ ಬಣ್ಣ, ಹೆಗ್ಗಣದ ಬೋನು, ಜಾಮ್ ಕುದಿಸುವ ಹಿತ್ತಾಳೆ ಪಾತ್ರೆ, ಸೀಮೆಎಣ್ಣೆ ದೀಪದ ಬತ್ತಿ. ಐವತ್ತೊಂಬತ್ತು ವರ್ಷದ ಆಕೆಗೆ ಅದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಮಕ್ಕಳಿಲ್ಲ. ಮಲಗುವ ಮನೆಯೂ ಅಂಗಡಿಯ ಮೇಲಿನದೇ.

ಮೊದಲ ಮಂಗಳವಾರ ಎಡ್ವಿನ್ ಮೆಟ್ಟಿಲ ಬುಡದಲ್ಲಿ ಕುಸಿದು ಬಿದ್ದ. ಆಂಬುಲೆನ್ಸಿನಲ್ಲಿ ಹೋದವಳಿಗೆ ಹಲಗೆಗಳ ನೆನಪೂ ಬರಲಿಲ್ಲ. ಎರಡನೆಯ ಮಂಗಳವಾರ ಆಪರೇಷನ್ನು. ಈಗ ಮೂರನೆಯದು.

ಆಕೆ ಸಾಲಿನ ಕೊನೆಗೆ ಓಡಿ ಬಾಗಿಲು ಬಡಿದಳು. ಬರ್ನಾರ್ಡ್ ಏಪ್ರನ್ನಿನಲ್ಲೇ ಬಂದ, ಪೈಗಳು ಒಲೆಯಲ್ಲಿದ್ದವು.

"ಹೋಗು ಹೆಸ್ಟರ್. ಮುಖ ನೋಡ್ಕೊಂಡು ಬಂದ್ಬಿಡು. ಹಾಲಿನ ಲಾರಿ ಈಗ ಚೌಕಕ್ಕೆ ಬರುತ್ತೆ, ಡಾರ್ಲಿಂಗ್ಟನ್‌ಗೇ ಹೋಗೋದು. ಹತ್ಕೋ."

"ವಾಪಸ್ ಬರಕ್ಕಾಗ್ದೆ ಹೋದ್ರೆ?"

"ಏಳೂವರೆ ಬಸ್ಸಿದೆ, ಏಳು ಐವತ್ತರದ್ದೂ ಇದೆ. ಕೊನೇದು ಹತ್ತಿದ್ರೂ ರೈಲಿನ ಒಂಬತ್ತಕ್ಕೆ ಇಲ್ಲಿರ್ತೀಯ. ಊರ ಒಂಬತ್ತಕ್ಕೆ ಇನ್ನೂ ಏಳು ನಿಮಿಷ ಇರುತ್ತೆ. ನಾನೇ ಹಲಗೆ ತೆಗೀತಿದ್ದೆ ಕಣೆ, ಆದ್ರೆ ಆ ಮುದುಕಿ ನಮ್ಮ ಕೈ ಕಟ್ಟಿಹಾಕಿ ಸತ್ತಿದಾಳೆ. ಓಲ್ಡ್‌ರಾಯ್ಡ್ ಬಾಯಿಗೆ ಬೇಕಾದ್ರೆ ಮೊದಲೇ ಒಂದು ಪೈ ತುರುಕ್ತೀನಿ."

ಊರ ಒಂಬತ್ತು, ರೈಲಿನ ಒಂಬತ್ತು: ಥಾರ್ಸ್‌ಡೇಲ್‌ನವರು ಹೀಗೆಯೇ ಮಾತಾಡುವುದು. ನಮ್ಮ ಊರಿನ ಸೂರ್ಯ ಲಂಡನ್ನಿನ ಸೂರ್ಯನಿಗಿಂತ ಏಳು ನಿಮಿಷ ತಡ. ರೈಲು ಬಂದಾಗ ದೇಶದ ಊರುಗಳೆಲ್ಲ ಲಂಡನ್ನಿನ ಸಮಯಕ್ಕೆ ಗಡಿಯಾರ ತಿರುಗಿಸಿಕೊಂಡವು, ನಮ್ಮದು ತಿರುಗಲಿಲ್ಲ. ರೈಲಿನವರು ಮೂರು ಸಲ ಆಳು ಕಳಿಸಿ ಸರಿಮಾಡಿಸಿದರೂ ಗಡಿಯಾರ ತಾನಾಗಿಯೇ ಮತ್ತೆ ಏಳು ನಿಮಿಷ ಹಿಂದಕ್ಕೆ ಸರಿಯಿತಂತೆ. ರೈಲು ಬಂದು, ಇದ್ದು, ಹಳಿ ಕಿತ್ತುಕೊಂಡು ಹೋದರೂ ಗಡಿಯಾರ ಹಾಗೆಯೇ ಇತ್ತು. ಇದು ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠ. ಟವೆಲ್ಲಿನ ಮೇಲೆ ಅಚ್ಚು ಹಾಕಿಸಿ ಮಾರುತ್ತಾರೆ. ಮೂವತ್ತು ವರ್ಷದಿಂದ ಆ ಗಡಿಯಾರಕ್ಕೆ ಕೀ ಕೊಡುತ್ತಿದ್ದವನು ಎಡ್ವಿನ್. ಅದರ ಹಟದ ಕಥೆಯನ್ನು ಅವನಷ್ಟು ಚೆನ್ನಾಗಿ ಹೇಳುವವರು ಯಾರೂ ಇರಲಿಲ್ಲ. ಈಗ ಅವನ ಬದಲಿಗೆ ಬರ್ನಾರ್ಡ್ ಬುಧವಾರಕ್ಕೊಮ್ಮೆ ಗೋಪುರ ಹತ್ತಿ ಕೀ ಕೊಟ್ಟು ಬರುತ್ತಿದ್ದ.

ಹೆಸ್ಟರ್ ಹಾಲಿನ ಲಾರಿ ಹತ್ತಿದಳು.

ಆಸ್ಪತ್ರೆ ತಲುಪುವಷ್ಟರಲ್ಲಿ ಎಡ್ವಿನ್‌ನ ಉಸಿರು ಹದಕ್ಕೆ ಬಂದಿತ್ತು. ಮೂಗಿಗೆ ಕೊಳವೆ, ಕೈಗೆ ಸೂಜಿ. ಕಣ್ಣು ತೆರೆದವನು ಅವಳನ್ನು ಗುರುತು ಹಿಡಿದ.

"ಹೆಸ್ಟ್. ಇವತ್ತು ಯಾವಾರ?"

"ಮಂಗಳವಾರ."

"ಮೇಲೆ ಹೋಗ್ಬೇಕಲ್ಲ."

"ಗಡಿಯಾರದ ಚಿಂತೆ ನಿನಗ್ಯಾಕೆ? ಬರ್ನಾರ್ಡ್ ಕೀ ಕೊಡ್ತಿದಾನೆ, ನೀನು ಹೇಳ್ಕೊಟ್ಟ ಹಾಗೇ."

ಅವನು ತಲೆಯನ್ನು ದಿಂಬಿನ ಮೇಲೆ ಅತ್ತಿತ್ತ ಆಡಿಸಿದ. "ಕೀ ಅಲ್ಲ. ತಡಿ… ತಡೀಬೇಕು."

ಹೆಸ್ಟರ್ ಗೋಡೆಯ ಗಡಿಯಾರ ನೋಡಿದಳು. ಏಳು ಇಪ್ಪತ್ತು. ಈಗ ಎದ್ದರೆ ಏಳೂವರೆಯ ಬಸ್ಸು ಸಿಗುತ್ತದೆ. ಆಕೆ ಕೈಚೀಲ ತೆಗೆದುಕೊಂಡಳು.

"ತಡಿ," ಎಂದ ಎಡ್ವಿನ್. ಕಣ್ಣಂಚಿನಲ್ಲಿ ನೀರಿತ್ತು. "ಅರ್ಧ ನಿಮಿಷ. ತಡಿ ಹೆಸ್ಟ್."

ಮೂವತ್ತಾರು ವರ್ಷ ಒಟ್ಟಿಗೆ ಬಾಳಿದ ಗಂಡ ಅರ್ಧ ನಿಮಿಷ ಬೇಡುತ್ತಿದ್ದಾನೆ. ಕೊಡುವುದಿಲ್ಲ ಎನ್ನುವುದು ಹೇಗೆ? ಆಕೆ ಚೀಲ ನೆಲಕ್ಕಿಟ್ಟು ಅವನ ಕೈ ಹಿಡಿದು ಕೂತಳು. "ತಡೀತೀನಿ. ಇನ್ನೊಂದು ಬಸ್ಸಿದೆ," ಎಂದಳು. ಅವನು ಇನ್ನೂ ಏನೋ ಹೇಳಲು ಹೋಗಿ, ಔಷಧದ ಮಂಪರಿನಲ್ಲಿ ಕಣ್ಣು ಮುಚ್ಚಿದ.

ಏಳು ಐವತ್ತರ ಬಸ್ಸಿನಲ್ಲಿ ಆಕೆ ಚಾಲಕನ ಬೆನ್ನ ಹಿಂದೆಯೇ ಕೂತಳು. ಎಲ್ಲವೂ ಸರಿಯಾಗಿಯೇ ನಡೆಯಿತು, ಊರು ಇನ್ನು ಮೂರು ಮೈಲಿ ಇದೆ ಎನ್ನುವವರೆಗೆ. ಅಲ್ಲಿ ಹುಲ್ಲುಗಾವಲು ಬದಲಾಯಿಸುತ್ತಿದ್ದ ಕುರಿಮಂದೆ ರಸ್ತೆಗೆ ಅಡ್ಡ ಬಂತು. ಗಬ್ಬದ ಕುರಿಗಳು, ಅವಸರವಿಲ್ಲದೆ, ಒಂದೊಂದಾಗಿ.

"ಇನ್ನೆಷ್ಟು ಹೊತ್ತಪ್ಪಾ?"

"ಕುರಿ ಹೇಳಿದಷ್ಟು ಹೊತ್ತು, ಅಮ್ಮ. ಈ ರಸ್ತೇಲಿ ಟೈಮ್‌ಟೇಬಲ್ ಬರೆಯೋರು ಅವ್ರೇ."

"ನಾನು ಒಂಬತ್ತಕ್ಕೆ ಅಂಗಡಿ ತೆಗೀಬೇಕು."

"ಊರ ಒಂಬತ್ತೋ, ರೈಲಿನ ಒಂಬತ್ತೋ?"

"ಊರದ್ದು."

"ಹಾಗಾದ್ರೆ ಸುಮ್ನೆ ಕೂತ್ಕೊಳ್ಳಿ, ಟೀ ಕುಡಿಯೋಷ್ಟು ಹೊತ್ತಿದೆ. ನಿಮ್ಮೂರಲ್ಲಿ ಸಾಯೋರೂ ಏಳು ನಿಮಿಷ ತಡವಾಗೇ ಸಾಯ್ತಾರಂತೆ." ಹೇಳಿದ ಮೇಲೆ ಕನ್ನಡಿಯಲ್ಲಿ ಅವಳ ಮುಖ ಕಂಡು, ಅವನು ಕುರಿಗಳಿಗೆ ಹಾರ್ನು ಒತ್ತಿದ.

ಸೇತುವೆಯ ಬಳಿ ಇಳಿದಾಗ ಚಾಲಕನ ಕೈಗಡಿಯಾರದಲ್ಲಿ ಒಂಬತ್ತು ಮೂರು. ಅಂದರೆ ಊರಿನಲ್ಲಿ ಇನ್ನೂ ನಾಲ್ಕು ನಿಮಿಷ ಬಾಕಿ. ಹೆಸ್ಟರ್ ಕಲ್ಲುಹಾಸಿನ ಏರನ್ನು ಓಡದೆ, ಜಾರದಂತೆ, ಬಿರುಸಾಗಿ ಹತ್ತಿದಳು. ಬೀಗದಕೈ ಆಗಲೇ ಬೆರಳ ನಡುವೆ ಇತ್ತು. ಚೌಕದಲ್ಲಿ ಸಂತೆಯ ಡೇರೆಗಳೆದ್ದಿದ್ದವು. ಚೀಸ್ ಮಾರುವವನು ಕೂಗು ಹಾಕುತ್ತಿದ್ದ. ಅವನು ಗಂಟೆ ಹೊಡೆಯುವ ಮೊದಲು ಎಂದೂ ಕೂಗಿದವನಲ್ಲ. ಆಕೆ ತಲೆಯೆತ್ತಿದಳು. ಗಡಿಯಾರ ಒಂಬತ್ತು ದಾಟಿ ನಾಲ್ಕು ನಿಮಿಷ ತೋರಿಸುತ್ತಿತ್ತು.

ಓಲ್ಡ್‌ರಾಯ್ಡ್ ಅವಳ ಅಂಗಡಿಯ ಮುಂದೆ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು, ಶವಯಾತ್ರೆಗೆ ಬಂದವರ ಹಾಗೆ.

"ಹೊಡೀತಾ?"

"ಹೊಡೀತು, ಮಿಸೆಸ್ ಐವ್ಸನ್. ನಾನು ಮೆಲ್ಲಗೇ ನಡೆದೆ. ದಾರೀಲಿ ಎರಡು ಸಲ ಬೂಟಿನ ದಾರ ಕಟ್ಕೊಂಡೆ. ಇನ್ನೆಷ್ಟು ಅಂತ ಕಟ್ಲಿ? ಅಧ್ಯಕ್ಷರು ಕಿಟಕೀಲಿ ನಿಂತು ನೋಡ್ತಿದ್ರು."

"ಇನ್ನೂ ಮೂರು ನಿಮಿಷ ಇರ್ಬೇಕು! ಡ್ರೈವರ್ ವಾಚು ನೋಡಿ ಇಳಿದಿದೀನಿ ನಾನು!"

"ಡ್ರೈವರ್ ವಾಚು ಕರಾರಿನಲ್ಲಿ ಇಲ್ಲವಲ್ಲ, ತಾಯಿ." ಓಲ್ಡ್‌ರಾಯ್ಡ್ ಟೋಪಿ ಹಾಕಿಕೊಂಡರು. "ಗುರುವಾರ ಎರಡಕ್ಕೆ ಸಭೆ. ನೀವು ಹೇಳೋದನ್ನ ಹೇಳ್ಬಹುದು."

ಆಕೆ ಆದರೂ ಬೀಗ ತೆಗೆದು, ಒಂದೊಂದೇ ಹಲಗೆ ಕಳಚಿ ಒಳಗೆ ಒರಗಿಸಿದಳು. ಬಾಟಲಿ ಹಾಲು ಕುಡಿಸುವ ಮರಿಗಳಿಗೆ ರಬ್ಬರಿನ ತೊಟ್ಟು ಬೇಕೆಂದು ಒಬ್ಬ ರೈತ ಬಂದ. ಆರು ಕೇಳಿದವನಿಗೆ ಒಂಬತ್ತು ಕೊಟ್ಟಳು.

ಮರುದಿನ ಬೆಳಗ್ಗೆ ಕೀ ಕೊಡಲು ಹೊರಟ ಬರ್ನಾರ್ಡ್‌ನ ಹಿಂದೆ ಹೆಸ್ಟರ್ ತಾನೂ ಹೊರಟಳು.

"ನೀನ್ಯಾಕೆ? ತೊಂಬತ್ತಾರು ಮೆಟ್ಲಿದೆ."

"ಅದರ ಮುಖ ನೋಡ್ಬೇಕು. ಹತ್ತಿರದಿಂದ."

ಗೋಪುರದ ಕೋಣೆಯಲ್ಲಿ ಎಡ್ವಿನ್‌ನ ಸ್ಟೂಲು, ತಗಡಿನ ಲೋಟ, ಒಂದು ಪುಟ್ಟ ರೇಡಿಯೋ ಇದ್ದವು. ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಅವನು ಇಲ್ಲಿಗೆ ಬರುತ್ತಿದ್ದ. ಒಂದಿಷ್ಟು ಎಣ್ಣೆ ಬಿಟ್ಟು, ಟೀ ಕುಡಿದು, ಮೌನವಾಗಿ ಕೂತು ಬರುತ್ತಾನೆ ಎಂದೇ ಆಕೆ ತಿಳಿದಿದ್ದಳು; ಗಂಡಸಿಗೆ ಅಂಥದೊಂದು ಜಾಗ ಬೇಕು ಎಂದು ಯಾವತ್ತೂ ಕೆದಕಿರಲಿಲ್ಲ. ಬರ್ನಾರ್ಡ್ ಹಿಡಿಕೆ ತಿರುವುತ್ತ ಏದುಸಿರು ಬಿಡುತ್ತಿದ್ದ. ಆಕೆ ರೇಡಿಯೋ ಹಾಕಿದಳು. ಎಂಟು ಗಂಟೆಯ ಸಮಯ ಸೂಚಿಸುವ ಪೀಂ ಪೀಂ ಬರುವ ಮೊದಲೇ ಅವರ ತಲೆಯ ಮೇಲಿನ ಗಂಟೆ ಎಂಟು ಹೊಡೆಯತೊಡಗಿತು. ಕೋಣೆಯೆಲ್ಲ ನಡುಗಿತು. ಎಂಟೂ ಹೊಡೆದು, ಗುಂಯ್ಗುಟ್ಟುವಿಕೆ ಅಡಗಿದ ಮೇಲೆ ರೇಡಿಯೋದ ಪೀಂ ಕೇಳಿಸಿತು.

"ಬರ್ನಾರ್ಡ್, ಇದು ಲಂಡನ್ನಿಗಿಂತ ಮುಂದಿದೆ."

"ಹುಚ್ಚು."

"ನಿನ್ನೆ ಸರಿಯಾಗಿ ಲಂಡನ್ನಿನ ಸಮಯ ತೋರಿಸ್ತಿತ್ತು. ಇವತ್ತು ಅದಕ್ಕಿಂತ ಅರ್ಧ ನಿಮಿಷ ಮುಂದಿದೆ. ದಿನಕ್ಕೆ ಅರ್ಧ ನಿಮಿಷ. ಎಡ್ವಿನ್ ಬಿದ್ದು ನಿನ್ನೆಗೆ ಹದಿನಾಲ್ಕು ದಿನ."

ಲೆಕ್ಕ ಅವಳ ಬಾಯಲ್ಲೇ ನಿಂತಿತು. ಅರ್ಧದಂತೆ ಹದಿನಾಲ್ಕು, ಏಳು.

ಲೋಲಕ ಅವರ ಮುಂದೆ ತಣ್ಣಗೆ ತೂಗುತ್ತಿತ್ತು. ಊಟದ ತಟ್ಟೆಯಷ್ಟು ಅಗಲದ ಹಿತ್ತಾಳೆ ಬಿಲ್ಲೆ; ಮೈಯೆಲ್ಲ ಕಪ್ಪುಗಟ್ಟಿದ್ದರೂ ಒಂದು ಅಂಚು ಮಾತ್ರ ಅಂಗೈ ತಾಗಿ ತಾಗಿ ಸವೆದು ಚಿನ್ನದ ಹಾಗೆ ಹೊಳೆಯುತ್ತಿತ್ತು. ಅರ್ಧ ನಿಮಿಷ. ತಡಿ. ತನ್ನನ್ನು ಕಾಯಲು ಹೇಳಿದ್ದಲ್ಲ ಅವನು. ಇದನ್ನು ತಡೆ ಎಂದು ಹೇಳಿದ್ದ. ಏಳೂವರೆಯ ಬಸ್ಸು ಬಿಟ್ಟು ತಾನು ಕೈ ಹಿಡಿದು ಕೂತಿದ್ದಳು. ಹೆಸ್ಟರ್ ಸ್ಟೂಲಿನ ಮೇಲೆ ಕೂತಳು.

ಬರ್ನಾರ್ಡ್‌ಗೆ ಮೊದಲು ಬಂದದ್ದು ನಗು. "ಅಂದ್ರೆ ಅದು ಹಿಂದೆ ಬೀಳೋ ಗಡಿಯಾರವೇ ಅಲ್ಲ! ಮುಂದೆ ಓಡೋದನ್ನ ಇವನು ದಿನಾ ಜುಟ್ಟು ಹಿಡಿದು ನಿಲ್ಲಿಸ್ತಿದ್ದ! ಹೆಸ್ಟರ್, ಶನಿವಾರ ನನ್ನ ವಾಚು ನಿಧಾನ ಆಯ್ತು ಅಂತ ನಾನು ಅದನ್ನೇ ತಿರುಗಿಸ್ದೆ ಕಣೆ. ಉಣ್ಣೆ ಅಂಗಡಿ ಮಿಸ್ ಸ್ಪೆನ್ಸ್‌ಲಿ ಅವಳಜ್ಜನ ಗಡಿಯಾರನ ರಿಪೇರಿಗೆ ಕೊಟ್ಟಿದಾಳೆ. ಊರಿಗೂರೇ ಇದನ್ನ ನೋಡಿ ತಿದ್ಕೊಂಡಿದೆ!"

"ನಾನೊಬ್ಳು ಬಿಟ್ಟು," ಎಂದಳು ಹೆಸ್ಟರ್. "ನಾನು ಹಗಲೆಲ್ಲ ಆಸ್ಪತ್ರೇಲೇ ಇದ್ನಲ್ಲ, ಎರಡು ವಾರ." ಆಮೇಲೆ ಎದ್ದು ಅವನ ತೋಳು ಹಿಡಿದಳು. "ಬರ್ನಾರ್ಡ್, ನಾನು ತಡವಾಗಿ ಬಂದಿಲ್ಲ! ಗಡಿಯಾರ ಮೊದ್ಲು ಹೊಡೀತು. ಇದನ್ನ ಹೇಳಿದ್ರೆ ಅವ್ರು ಒಪ್ಪಲೇಬೇಕು."

ಇಳಿಯುವಾಗ ಆಕೆಗೆ ಮೆಟ್ಟಿಲುಗಳು ಕಾಣಲಿಲ್ಲ. ಎರಡು ವಾರದಲ್ಲಿ ಮೊದಲ ಸಲ ಆ ರಾತ್ರಿ ನಿದ್ದೆ ಬಂತು ಎಂದು ಆಮೇಲೆ ಹೇಳಿದಳು.

ಗುರುವಾರ ಬೆಳಗ್ಗೆ ಬರ್ನಾರ್ಡ್ ಅಂಗಡಿಗೆ ಬಂದ. ಜೊತೆಗೆ ಉಣ್ಣೆ ಮಾರುವ ಮಿಸ್ ಸ್ಪೆನ್ಸ್‌ಲಿ. ಎಪ್ಪತ್ತು ದಾಟಿದ, ಹಕ್ಕಿಯಂಥ ಹೆಂಗಸು. ಕೈಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ಬರ್ನಾರ್ಡ್ ಕಾಗದದಲ್ಲಿ ಸುತ್ತಿದ ಪೈ ಒಂದನ್ನು ಮೇಜಿನ ಮೇಲಿಟ್ಟು, ಬಣ್ಣದ ಡಬ್ಬಿಗಳನ್ನು ನೋಡುತ್ತ ನಿಂತ.

"ಓಲ್ಡ್‌ರಾಯ್ಡ್‌ಗೆ ಹೇಳ್ದೆ. ಮೇಲಿನ ವಿಷ್ಯ."

"ಒಳ್ಳೇದಾಯ್ತು. ಏನಂದ್ರು?"

"ಬಿಳಿಚಿಕೊಂಡ್ರು. ಪೈ ಅರ್ಧಕ್ಕೇ ಬಿಟ್ರು." ಬರ್ನಾರ್ಡ್ ಒಂದು ಡಬ್ಬಿ ತೆಗೆದು ಮತ್ತೆ ಅಲ್ಲೇ ಇಟ್ಟ. "ಹೆಸ್ಟರ್, ಗಡಿಯಾರ ಹೊಡೆದಿದ್ದೇ ಒಂಬತ್ತು ಅನ್ನೋದನ್ನ ಇಲ್ಲಿವರೆಗೂ ಯಾರೂ ಪ್ರಶ್ನೆ ಮಾಡಿಲ್ಲ. ಅದು ತನ್ನ ಪಾಡಿಗೆ ಹೊಡೆಯೋ ಗಡಿಯಾರ ಅಂತ. ಈಗ ನೀನು ಹೋಗಿ, ಅಲ್ಲ, ಮೂವತ್ತು ವರ್ಷದಿಂದ ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು ನಿಲ್ಲಿಸ್ತಿದ್ದ ಅಂದ್ರೆ, ಅಧ್ಯಕ್ಷರು ಏನು ಕೇಳ್ತಾರೆ? ಹಾಗಾದ್ರೆ ನಿಜವಾದ ಒಂಬತ್ತು ಯಾವುದು ಅಂತ ಕೇಳ್ತಾರೆ. ಲಂಡನ್ನಿಂದು ಅಂತ ತೀರ್ಮಾನ ಆದ್ರೆ…"

"ಆದ್ರೆ?"

ಮಿಸ್ ಸ್ಪೆನ್ಸ್‌ಲಿ ಮಾತು ಮುಗಿಸಿದಳು. "ನಾವು ಎಂಟೂ ಜನ ಮೂವತ್ತು ವರ್ಷದಿಂದ ಪ್ರತಿ ಮಂಗಳವಾರ ಊರ ಒಂಬತ್ತು ನೋಡ್ಕೊಂಡು ತಡವಾಗೇ ಬಾಗಿಲು ತೆಗೆದಿದೀವಿ. ಮೂರು ಸಂತೆ ಅಲ್ಲ ಹೆಸ್ಟರ್, ಸಾವಿರಾರು. ಇಡೀ ಸಾಲೇ ಅವರ ಬಾಯಿಗೆ."

ಹೆಸ್ಟರ್ ಪೈಯನ್ನು ಬದಿಗೆ ಸರಿಸಿದಳು.

"ಹಾಗೆ ಆಗುತ್ತೆ ಅಂತ ಓಲ್ಡ್‌ರಾಯ್ಡ್ ಹೇಳಿದ್ರಾ?"

"ಆಗಬಹುದು ಅಂದ್ರು. ಆ ಕಂಪನಿಗೆ ಬೇಕಾಗಿರೋದೇ ಇಡೀ ಸಾಲು. ಅವಕಾಶ ಸಿಕ್ರೆ ಬಿಡಲ್ಲ ಅಂದ್ರು."

"ನಾನೇನು ಮಾಡ್ಲಿ ಹಾಗಾದ್ರೆ? ಬಾಯಿ ಹೊಲ್ಕೊಂಡು ಬೀದಿಗೆ ಹೋಗ್ಲಾ?" ಹೆಸ್ಟರ್ ಗೋಡೆಯತ್ತ ಕೈ ಚಾಚಿದಳು. "ಎಲ್ಲಿಗೆ ಹೋಗ್ಲಿ ಬರ್ನಾರ್ಡ್? ಅವನನ್ನ ಆಸ್ಪತ್ರೆಯಿಂದ ಯಾವ ಮನೆಗೆ ಕರ್ಕೊಂಡ್ ಬರ್ಲಿ? ಅಲ್ಲಿ ಗೋಡೇಲಿ ನಮ್ಮಜ್ಜ ಹೊಡೆದ ಮೊಳೆ ಇದೆ, ನಾನು ಅದಕ್ಕೇ ಕೋಟು ನೇತು ಹಾಕೋದು. ನೀನು ನನ್ನ ಜಾಗದಲ್ಲಿ ಇದ್ದಿದ್ರೆ ಏನ್ಮಾಡ್ತಿದ್ದೆ? ಹೇಳು, ನನ್ನ ಮುಖ ನೋಡಿ ಹೇಳು."

ಬರ್ನಾರ್ಡ್ ತಿರುಗಲಿಲ್ಲ. "ಹೇಳ್ಬಿಡ್ತಿದ್ದೆ. ಎಲ್ಲಾನೂ ಹೇಳ್ಬಿಡ್ತಿದ್ದೆ. ಅದಕ್ಕೇ ನಿನ್ನ ಮುಖ ನೋಡಕ್ಕಾಗ್ತಿಲ್ಲ."

ಅವರು ಹೋದ ಮೇಲೆ ಆಕೆ ಬಾಗಿಲ ಚಿಲಕ ಹಾಕಿಕೊಂಡಳು. ಹಗಲಿನಲ್ಲಿ ಹಾಗೆ ಮಾಡಿದ್ದು ಅಪ್ಪ ಸತ್ತ ದಿನ ಬಿಟ್ಟರೆ ಅದೇ ಮೊದಲು. ಎಣ್ಣೆ, ಹಗ್ಗ, ಕಬ್ಬಿಣದ ವಾಸನೆಯ ನಡುವೆ ನಿಂತು ದಾರಿ ಹುಡುಕಿದಳು. ಗಡಿಯಾರದ ಮಾತು ಎತ್ತದೆ ಕರುಣೆ ಬೇಡಬಹುದೇ? ಅಧ್ಯಕ್ಷರ ಮುಖ ನೆನೆದರೆ ಅದು ಸಾಗದು. ಅರ್ಧ ಹೇಳಿ ಅರ್ಧ ಬಿಡಬಹುದೇ? ವಕೀಲರ ಮುಂದೆ ಅರ್ಧ ಹೇಳುವುದೆಂದರೆ ದಾರದ ತುದಿ ಕೈಗೆ ಕೊಟ್ಟ ಹಾಗೆ. ಮತ್ತೆ ಎಡ್ವಿನ್. ಗಡಿಯಾರದ ಹಟದ ಕಥೆಯನ್ನು ಶಾಲೆಯ ಮಕ್ಕಳಿಗೆ ಕೈಬೀಸಿ ಹೇಳುತ್ತಿದ್ದವನು. ಆ ಹಟ ಗಡಿಯಾರದ್ದಲ್ಲ, ಅವನದು ಎಂದು ಊರ ಮುಂದೆ ಹೇಳಬೇಕು. ಅವನು ಮಂಚದ ಮೇಲೆ ಕೊಳವೆ ಹಾಕಿಸಿಕೊಂಡು ಮಲಗಿರುವಾಗ. ಅದನ್ನು ಬೇಕಾದರೆ ಮಾಡಿಯಾಳು. ಅಂಗಡಿ ಉಳಿದರೆ ಅವನೇ ಕ್ಷಮಿಸಿಯಾನು. ಆದರೆ ಮಿಸ್ ಸ್ಪೆನ್ಸ್‌ಲಿಯ ಚೀಲ ಹಿಡಿದ ಬೆರಳುಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ಒಂದೂವರೆಯ ಹೊತ್ತಿಗೂ ಆಕೆ ಏನನ್ನೂ ನಿರ್ಧರಿಸಿರಲಿಲ್ಲ.

ಸಭೆ ನಡೆದದ್ದು ಹಳೆಯ ಸುಂಕದಕಟ್ಟೆಯ ಮಹಡಿಯಲ್ಲಿ. ಹನ್ನೆರಡು ಟ್ರಸ್ಟಿಗಳು ಉದ್ದ ಮೇಜಿನ ಸುತ್ತ, ಸಾಲಿನ ಅಂಗಡಿಯವರು ಗೋಡೆಗುಂಟ ಬೆಂಚಿನ ಮೇಲೆ. ಓಲ್ಡ್‌ರಾಯ್ಡ್ ಕರಾರನ್ನು ಓದಿದರು. ಮೂರು ಮಂಗಳವಾರಗಳ ತಾರೀಖು ಓದಿದರು. ಕೊನೆಯ ತಾರೀಖು ಓದುವಾಗ ದನಿ ಎಷ್ಟು ಇಳಿಯಿತೆಂದರೆ ಅಧ್ಯಕ್ಷರು ಮತ್ತೊಮ್ಮೆ ಓದಲು ಹೇಳಿದರು.

"ಮಿಸೆಸ್ ಐವ್ಸನ್," ಎಂದರು ಅಧ್ಯಕ್ಷರು, "ನಿಮ್ಮ ಕಷ್ಟ ನಮಗೆಲ್ಲ ಗೊತ್ತು. ನಮ್ಮೆಲ್ಲರ ಸಹಾನುಭೂತಿ ಇದೆ. ಆದರೆ ಕೇಳಬೇಕಾದ್ದು ಒಂದೇ. ಮಂಗಳವಾರ ನೀವು ಬಾಗಿಲಿಗೆ ಬಂದಾಗ ಗಡಿಯಾರ ಹೊಡೆದಾಗಿತ್ತೋ?"

ಹೆಸ್ಟರ್ ಎದ್ದು ನಿಂತಳು. ಮೇಜಿನ ಈ ಬದಿಯವರೂ ಅವಳತ್ತ ತಿರುಗಿದರು. ಬೆಂಚಿನ ಮೇಲೆ ಏಳು ಜನ ನೆಲ ನೋಡುತ್ತಿದ್ದರು. ಬರ್ನಾರ್ಡ್ ಮಂಡಿಯ ಮೇಲಿನ ಟೋಪಿಯನ್ನು ಹಿಂಡುತ್ತಿದ್ದ.

"ಆ ಗಡಿಯಾರ…" ಎಂದಳು. ಓಲ್ಡ್‌ರಾಯ್ಡ್‌ರ ಪೆನ್ನು ನಿಂತಿತು. "ಆ ಗಡಿಯಾರದ ವಿಷ್ಯ ಒಂದು…"

"ಹೇಳಿ. ಏನಾದರೂ ಇದ್ದರೆ ಈಗಲೇ ಹೇಳಬೇಕು." ಅಧ್ಯಕ್ಷರು ಮುಂದಕ್ಕೆ ಬಾಗಿದರು. ಆ ಬಾಗುವಿಕೆಯಲ್ಲಿ ಸಹಾನುಭೂತಿ ಇರಲಿಲ್ಲ, ಹಸಿವಿತ್ತು ಎಂದು ಆಕೆಗೆ ಅನ್ನಿಸಿತಂತೆ. ತನಗೆ ಹಾಗೆ ಅನ್ನಿಸಿದ್ದು ನಿಜವೋ, ತನ್ನ ಭಯವೋ ಗೊತ್ತಿಲ್ಲ ಎಂದೂ ಅವಳೇ ಹೇಳಿದ್ದಾಳೆ.

"ಹೊಡೆದಾಗಿತ್ತು," ಎಂದಳು ಹೆಸ್ಟರ್. "ನಾನು ಬರೋ ಅಷ್ಟರಲ್ಲಿ ಹೊಡೆದಾಗಿತ್ತು."

"ಬೇರೆ ಏನಾದರೂ?"

"ಇಲ್ಲ."

ಮಾರ್ಚ್ ಇಪ್ಪತ್ತೈದರೊಳಗೆ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು. ಕೈ ಎತ್ತಿದವರು ಏಳು, ಎತ್ತದವರು ಐದು. ಮೆಟ್ಟಿಲಿಳಿಯುವಾಗ ಮಿಸ್ ಸ್ಪೆನ್ಸ್‌ಲಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಲು ಹೋದಳು. ಹೆಸ್ಟರ್ ಕೈ ಬಿಡಿಸಿಕೊಂಡಳು. ಒರಟಾಗಿಯೇ ಬಿಡಿಸಿಕೊಂಡಳು, ಅದನ್ನು ಮುಚ್ಚಿಡುವುದು ಸರಿಯಲ್ಲ.

ಎಡ್ವಿನ್‌ಗೆ ಆಕೆ ಯಾವುದನ್ನೂ ಹೇಳಲಿಲ್ಲ. ಗಡಿಯಾರ ಹೇಗಿದೆ ಎಂದು ಅವನು ಕೇಳಿದಾಗ ಚೆನ್ನಾಗಿದೆ ಎಂದಳು. ಯಾಕೆ ಹಾಗೆ ಹಿಡಿದು ನಿಲ್ಲಿಸುತ್ತಿದ್ದೆ, ಅದನ್ನು ನಿನಗೆ ಕಲಿಸಿದವರು ಯಾರು ಎಂದು ಕೇಳಬೇಕೆಂದು ದಿನವೂ ಬಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳು. ಮಂಚದ ಪಕ್ಕ ಕೂತರೆ ಮಾತು ಬೇರೆ ಕಡೆಗೆ ಹೋಗುತ್ತಿತ್ತು. ಮಾರ್ಚ್ ಹದಿನೆಂಟಕ್ಕೆ ಅವನು ತೀರಿಕೊಂಡ. ಒಂದು ವಾರದ ಮೇಲೆ ಬರ್ನಾರ್ಡ್ ತನ್ನ ವ್ಯಾನಿನಲ್ಲಿ ಆಕೆಯ ಮಂಚ, ಅಲಮಾರು, ಅಡಿಗೆ ಪಾತ್ರೆಗಳನ್ನು ಕೆಳಪೇಟೆಯ ಒಂದು ಬಾಡಿಗೆ ಕೋಣೆಗೆ ಸಾಗಿಸಿದ.

ಸಾಲಿನ ಉಳಿದ ಏಳು ಅಂಗಡಿಗಳಲ್ಲಿ ಈಗ ಮೂರು ಮಾತ್ರ ಇವೆ. ಮಿಸ್ ಸ್ಪೆನ್ಸ್‌ಲಿ ಎರಡು ವರ್ಷದಲ್ಲಿ ಮುಚ್ಚಿದಳು, ಉಣ್ಣೆ ಕೊಳ್ಳುವವರಿರಲಿಲ್ಲ. ಮಿಕ್ಕವರು ಒಬ್ಬೊಬ್ಬರಾಗಿ, ಯಾರೂ ಹೊರದಬ್ಬದೆ, ತಾವಾಗಿಯೇ ಬೀಗದಕೈ ಒಪ್ಪಿಸಿದರು.

ಆ ಗುರುವಾರ ಹೆಸ್ಟರ್ ಗಡಿಯಾರದ ಸಂಗತಿ ಹೇಳಿದ್ದರೆ ಟ್ರಸ್ಟಿಗಳು ಅಂಗಡಿಯನ್ನು ಅವಳಿಗೇ ಬಿಟ್ಟುಕೊಡುತ್ತಿದ್ದರೋ, ಇಡೀ ಸಾಲನ್ನು ಕಿತ್ತುಕೊಳ್ಳುತ್ತಿದ್ದರೋ ನನಗೆ ತಿಳಿಯದು. ಓಲ್ಡ್‌ರಾಯ್ಡ್ ಅವರನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ, ತಮಗೂ ಗೊತ್ತಿಲ್ಲ ಎಂದರು.